ಭಾವ ಎಳೆದ ಓರೆಗೀಟು

ನಮ್ಮ ಭಾವ ಸುಮ್ಮನಿರುವ ಮನುಷ್ಯರಲ್ಲ. ಅಕ್ಕನನ್ನು ಮದುವೆಯಾಗುವ ಮಾತಾಡಲು ಮೊದಲ ಸಲ ನಮ್ಮ ಮನೆಗೆ ಬಂದವರು, ಒಂದು ಲೋಟ ಚಹಾ ಆರುವಷ್ಟರಲ್ಲಿ ಎದ್ದು ಕಿಟಕಿಯ ಸಡಿಲ ಚಿಲಕ ಬಿಗಿ ಮಾಡಿ, ಸೊಟ್ಟಗಿದ್ದ ಗಡಿಯಾರ ನೆಟ್ಟಗೆ ಮಾಡಿ, ಬಾಗಿಲಾಚೆ ಬಿಟ್ಟಿದ್ದ ಅಪ್ಪನ ಚಪ್ಪಲಿ ಎತ್ತಿ ನೋಡಿ, ಇದು ಹೆಚ್ಚು ದಿನ ಬಾಳೋದಿಲ್ಲ ಎಂದು ಅಪ್ಪನಿಗೇ ಹೇಳಿದ್ದರು. ಅವರು ಹೋದ ಮೇಲೆ ಅಪ್ಪ ಅಕ್ಕನನ್ನು ಕರೆದು, "ಈ ಹುಡುಗ ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದಾನೆ. ಹಿಂದೆ ಹಿಂದೆ ಓಡ್ತೀಯಾ?" ಎಂದು ಕೇಳಿದರು. "ಓಡೋದ್ಯಾಕೆ, ಕೈಗೊಂದು ಪೆನ್ಸಿಲ್ ಕೊಟ್ರೆ ತಣ್ಣಗಾಗ್ತಾರೆ" ಎಂದಳು ಅಕ್ಕ. ಮದುವೆಗೆ ಮೊದಲೇ ಗಂಡನ ಕೀಲಿ ಇವಳ ಕೈಗೆ ಹೇಗೆ ಸಿಕ್ಕಿತು ಎಂದು ನಾನು ಈಗಲೂ ಅವಳನ್ನು ಕಾಡಿಸುವುದುಂಟು.

ಭಾವ ನಕ್ಷೆಗಾರರು. ಊರಾಚೆಯ ವಾಯುನೆಲೆಯಲ್ಲಿ, ನಾವೆಲ್ಲ ಕ್ಯಾಂಪು ಎನ್ನುತ್ತಿದ್ದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ದುಡಿಯುತ್ತಿದ್ದ ಕೆಲವೇ ಜನರಲ್ಲಿ ಒಬ್ಬರು. ರನ್‌ವೇ ಪಕ್ಕದ ಚರಂಡಿ, ಶೆಡ್ಡಿನ ಚಾವಣಿ, ಮುರಿದ ಯಂತ್ರದ ಬಿಡಿಭಾಗ ಎಲ್ಲವೂ ಅವರ ಮೇಜಿನ ಮೇಲೆ ಕಾಗದಕ್ಕೆ ಇಳಿಯಬೇಕು. ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಂದು ವಸ್ತುವನ್ನು ಕೊಯ್ದು ಒಳಗು ತೋರಿಸಿದ ಹಾಗೆ ಬರೆಯುವಾಗ, ಎಲ್ಲಿ ಪೊಳ್ಳು, ಎಲ್ಲಿ ಗಟ್ಟಿ ಎಂದು ನೋಡುವವರಿಗೆ ತಿಳಿಯಬೇಕಲ್ಲ, ಅದಕ್ಕೆ ಗಟ್ಟಿಯಿರುವ ಕಡೆ ಒತ್ತೊತ್ತಾಗಿ ಓರೆಗೀಟು ಎಳೆಯುತ್ತಾರೆ. ಭಾವನ ಓರೆಗೀಟು ನೋಡುವುದೇ ಒಂದು ಚೆಂದ. ಸ್ಕೇಲು ಮುಟ್ಟದೆ ಎಳೆದರೂ ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ ಬೀಳುತ್ತಿದ್ದವು. ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ ಅಕ್ಕನಿಗೆ ಸಂತೆಚೀಟಿಯ ಮೂಲೆಯಲ್ಲಿ ಬದನೆಕಾಯಿ ಬರೆದು ಕೊಟ್ಟರೂ ಅದರ ಹೊಟ್ಟೆಗೆ ಓರೆಗೀಟು ಇರುತ್ತಿತ್ತು.

ಆ ದಿನಗಳಲ್ಲಿ ಆಕಾಶದಲ್ಲಿ ಏನೇನೋ ಕಾಣುತ್ತಿದೆ ಎಂದು ಜನ ಕ್ಯಾಂಪಿಗೆ ಫೋನ್ ಮಾಡುವುದು ಹೆಚ್ಚಾಗಿತ್ತು. ಬೆಳಕು ಕಂಡಿತು, ತಟ್ಟೆಯಂಥದ್ದು ಹಾರಿತು, ತೋಟದ ಮೇಲೆ ನಿಂತಿತ್ತು, ಹೀಗೆ. ಪಕ್ಕದ ದೇಶದ ವಿಮಾನವಿದ್ದರೆ ಎಂಬ ಚಿಂತೆ ಮಿಲಿಟರಿಯವರಿಗೆ. ಅದಕ್ಕೆಂದೇ ಒಂದು ಚಿಕ್ಕ ವಿಭಾಗ ಮಾಡಿದರು. ಒಬ್ಬ ಅಧಿಕಾರಿ, ಒಂದು ಜೀಪು, ಒಬ್ಬ ನಕ್ಷೆಗಾರ. ಅಧಿಕಾರಿಗೆ ಬಾಯಿ ಮುಚ್ಚುವಷ್ಟು ಮೀಸೆಯಿತ್ತು. ನಮ್ಮ ಮನೆಯಲ್ಲಿ ಅವರು ಮೀಸೆ ಸಾಹೇಬರು. ನಕ್ಷೆಗಾರನಾಗಿ ಹೋದವರು ಭಾವ. ನಮ್ಮ ಬೀದಿಯವರು ಬಿಡುತ್ತಾರೆಯೇ? ಅಂದಿನಿಂದ ಅವರಿಗೆ ತಟ್ಟೆ ಎಂದು ಹೆಸರಾಯಿತು. ಅಕ್ಕನ ಅಡುಗೆಮನೆಯಲ್ಲಿ ಏನಾದರೂ ಬಿದ್ದು ಸದ್ದಾದರೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಒಂದು ಇಳೀತಾ?" ಎಂದು ಕೇಳುತ್ತಿದ್ದಳು.

ಭಾವನಿಗೆ ಆ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ದಿನಾ ಊರೂರು ಅಲೆಯುವುದು, ಗುರುತಿಲ್ಲದವರ ಮನೆಯಲ್ಲಿ ಕೂತು ಮಾತು ಕೇಳುವುದು. ಅವರದ್ದೇ ಒಂದು ವಿಧಾನವನ್ನೂ ಕಂಡುಕೊಂಡಿದ್ದರು. ಹೇಳುವವರ ಎದುರಿಗೆ ಕೂತು, ಕಾಗದವನ್ನು ಅವರ ಕಡೆ ತಿರುಗಿಸಿ ಇಟ್ಟು, ತಾವು ತಲೆಕೆಳಗಾಗಿ ಬರೆಯುವುದು. ಹೇಳುವವರಿಗೆ ಮಾತ್ರ ಚಿತ್ರ ನೆಟ್ಟಗೆ ಕಾಣುತ್ತದೆ. "ಹೀಗಾ?" ಎಂದು ಭಾವ ಕೇಳುವುದು, "ಅಲ್ಲ, ಇನ್ನೂ ಸ್ವಲ್ಪ ಅಗಲ" ಎಂದು ಅವರು ಹೇಳುವುದು, ರಬ್ಬರ್ ಉಜ್ಜಿ ಮತ್ತೆ ಬರೆಯುವುದು. ಮೀಸೆ ಸಾಹೇಬರನ್ನು ಕಂಡು ತುಟಿ ಪಿಟಕ್ಕೆನ್ನದ ಜನ ಭಾವನ ಪೆನ್ಸಿಲ್ ನೋಡುತ್ತಾ ಬಾಯಿ ಬಿಡುತ್ತಿದ್ದರು. ಹೆಚ್ಚಿನವು ನಕ್ಷತ್ರವೋ, ಹವಾಮಾನದವರ ಬಲೂನೋ, ಕ್ಯಾಂಪಿನದೇ ವಿಮಾನವೋ ಆಗಿ ಮುಗಿಯುತ್ತಿದ್ದವು. ಕೆಲವು ಮಾತ್ರ ಏನೆಂದು ಬಗೆಹರಿಯದೆ ಸಾಹೇಬರ ಪೆಟ್ಟಿಗೆಯಲ್ಲಿ ಉಳಿದವು.

ಇದೆಲ್ಲ ನಮಗೆ ನಗೆಯ ವಿಷಯವಾಗಿತ್ತು, ನಮ್ಮವರ ಬಸ್ಸು ಮೋರಿಗೆ ಗುದ್ದುವ ತನಕ.

ನಮ್ಮವರು ಬಸ್ ಡ್ರೈವರ್. ಭಾವನಿಗೆ ಷಡ್ಡಕ. ಸ್ವಭಾವದಲ್ಲಿ ಇಬ್ಬರಿಗೂ ಎಳ್ಳಷ್ಟೂ ಹೋಲಿಕೆಯಿಲ್ಲ. ನಮ್ಮವರು ಕೂತರೆ ಕಲ್ಲು. ಮಾತಾಡಿದರೆ ಅಳೆದು ತೂಗಿ. ಅಷ್ಟು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. ಒಂದು ದಿನ ಮುಸ್ಸಂಜೆಯ ಟ್ರಿಪ್ಪಿನಲ್ಲಿ, ನೀರಿನ ಟ್ಯಾಂಕ್ ದಾಟಿದ ಮೇಲಿನ ನೇರ ರಸ್ತೆಯಲ್ಲಿ, ಎದುರಿನ ಆಕಾಶದಿಂದ ಏನೋ ಕೆಳಗಿಳಿದು ಬಂದ ಹಾಗಾಯಿತಂತೆ. ಬ್ರೇಕ್ ಒತ್ತಿ ಸ್ಟಿಯರಿಂಗ್ ತಿರುಗಿಸಿದರು. ಬಸ್ಸು ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಗುದ್ದಿತು. ಕಂಡಕ್ಟರನ ಹೆಗಲ ಮೂಳೆ ಮುರಿಯಿತು, ಹಲವರಿಗೆ ತರಚು ಗಾಯ, ಒಬ್ಬ ಮುದುಕಿಯ ಹಲ್ಲು ಹೋಯಿತು. ಜೀವಹಾನಿ ಆಗಲಿಲ್ಲ ಎನ್ನುವುದಷ್ಟೇ ಸಮಾಧಾನ.

ಕುಡಿದಿದ್ದರೇ ಎಂದು ಪರೀಕ್ಷೆ ಮಾಡಿದರು, ಇರಲಿಲ್ಲ. ತೂಕಡಿಸಿದಿರಾ ಎಂದರು, ಇಲ್ಲ ಎಂದರು ನಮ್ಮವರು. ಪ್ರಯಾಣಿಕರಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ; ಮುಂದೆ ನೋಡುತ್ತಾ ಕೂರುವುದು ಡ್ರೈವರನ ಕೆಲಸ, ಅವರದ್ದಲ್ಲ. ಡಿಪೊ ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ಆದರೆ ಕಡ್ಡಿ ಮುರಿದ ಹಾಗೆ ಮಾತಾಡುವವರು. "ಆಕಾಶದಲ್ಲಿ ಏನೋ ಬಂತು ಅಂತೀಯ. ಆಕಾಶ ನನ್ನ ಇಲಾಖೆ ಅಲ್ಲ. ಏನೋ ಇತ್ತು ಅಂತ ಕ್ಯಾಂಪಿನವರು ಹೇಳಿದ್ರೆ ನಿನ್ನ ಕೆಲಸ ಉಳಿಯುತ್ತೆ. ಇಲ್ಲ ಅಂದ್ರೆ ಇನ್ನು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ" ಎಂದುಬಿಟ್ಟರು. ನನ್ನದು ಹೊಲಿಗೆ ಅಂಗಡಿ. ಅದರಿಂದ ಎರಡು ಮಕ್ಕಳ ಫೀಸು ಕಟ್ಟಬಹುದು, ಮನೆ ನಡೆಸಲಾಗದು. ಅದಕ್ಕಿಂತ ಹೆಚ್ಚಾಗಿ, ಈ ಮನುಷ್ಯನಿಗೆ ಬೇರೆ ಯಾವ ಕೆಲಸವೂ ಬಾರದು, ಬೇಕಾಗಿಯೂ ಇರಲಿಲ್ಲ.

ಹೀಗೆ ಕ್ಯಾಂಪಿನ ಜೀಪು ನಮ್ಮ ಬಾಗಿಲಿಗೇ ಬಂತು. ಇವನು ನನ್ನ ಷಡ್ಡಕ, ನಾನು ಬರೆಯೋದು ಸರಿಯಲ್ಲ ಎಂದು ಭಾವ ಮೊದಲೇ ಹೇಳಿದ್ದರಂತೆ. ಮೀಸೆ ಸಾಹೇಬರು ಕೇಳಲಿಲ್ಲ. "ಪ್ರಶ್ನೆ ಕೇಳೋನು ನಾನು, ಗೀಟು ಎಳೆಯೋರು ನೀವು. ಗೀಟಿಗೆ ಎಲ್ಲಿಂದ ಬಂತ್ರೀ ನೆಂಟಸ್ತಿಕೆ?" ಎಂದಿದ್ದರು.

ನನ್ನ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಕೂತರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ನಮ್ಮವರು ಮೊದಲು ಹೇಳಿದ್ದು ಮೂರೇ ಮಾತು. ಬೆಳಕು, ದೊಡ್ಡದು, ಎದುರಿಗೇ ಬಂತು. ಸಾಹೇಬರು ಹೇಗೆ ಕೇಳಿದರೂ ನಾಲ್ಕನೆಯ ಮಾತು ಬರಲಿಲ್ಲ. ಆಗ ಭಾವ ಕಾಗದವನ್ನು ಅವರ ಕಡೆ ತಿರುಗಿಸಿಟ್ಟು ಮೆಲ್ಲಗೆ ಶುರುಮಾಡಿದರು.

"ಬೆಳಕಿನ ಹಿಂದೆ ಏನಾದ್ರೂ ಇತ್ತಾಪ್ಪ?"

"ಇತ್ತು ಅನ್ಸುತ್ತೆ ಅಣ್ಣ. ಕಪ್ಪಗೆ."

"ಹೀಗಾ?"

"ಹೂಂ. ಇನ್ನೂ ಅಗಲ."

"ಬೆಳಕು ಒಂದೇನಾ, ಪಕ್ಕದಲ್ಲೂ ಇತ್ತಾ?"

ನಮ್ಮವರು ಕಾಗದ ನೋಡಿದರು. ಭಾವನ ಪೆನ್ಸಿಲ್ ಮೂರು ಚಿಕ್ಕ ಸುತ್ತು ಹಾಕಿ ನಿಂತಿತ್ತು. "ಹೂಂ, ಹೀಗೇ" ಎಂದರು. ಭಾವನ ಕೈ ಹೊಟ್ಟೆಯ ಕೆಳಗೆ ಓರೆಗೀಟು ಎಳೆದು ಮುಗಿಸುವ ಹೊತ್ತಿಗೆ ನಮ್ಮವರ ಮುಖದಲ್ಲಿ ಬಣ್ಣ ಬಂದಿತ್ತು. ಅಪಘಾತವಾದಾಗಿನಿಂದ ಎಲ್ಲರೂ ಅವರನ್ನು ಪ್ರಶ್ನೆ ಕೇಳಿದವರೇ. ಒಬ್ಬರಾದರೂ ನಂಬಿ ಕೂತು ಬರೆಯುತ್ತಿದ್ದಾರಲ್ಲ ಎಂದು ನನಗೂ ಧೈರ್ಯ ಬಂತು.

ಮೀಸೆ ಸಾಹೇಬರು ಚಿತ್ರವನ್ನು ಎತ್ತಿ ಹಿಡಿದು ನೋಡಿ, ಜೀಪಿನಿಂದ ಪೆಟ್ಟಿಗೆ ತರಿಸಿದರು. ಬಗೆಹರಿಯದೆ ಉಳಿದಿದ್ದ ಚಿತ್ರಗಳನ್ನು ಒಂದೊಂದಾಗಿ ನನ್ನ ಮೇಜಿನ ಮೇಲೆ ಹರಡಿದರು. ಒಬ್ಬ ಅಂಚೆಯವನು ಕಂಡದ್ದು, ಪಂಪ್‌ಹೌಸ್ ನೋಡಿಕೊಳ್ಳುವ ಹೆಂಗಸು ಕಂಡದ್ದು, ನಿವೃತ್ತ ಕಾಂಪೌಂಡರ್ ಕಂಡದ್ದು. ಎಲ್ಲದರಲ್ಲೂ ಅದೇ ಅಗಲ, ಅದೇ ಮೂರು ಬೆಳಕು, ಅದೇ ಗಟ್ಟಿ ಹೊಟ್ಟೆ. "ಬೇರೆ ಬೇರೆ ಊರಿನವರು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲರೂ ಒಂದೇ ವಸ್ತು ಹೇಳ್ತಿದ್ದಾರೆ" ಎಂದ ಸಾಹೇಬರ ಮೀಸೆ ಕುಣಿಯಿತು. ನಮ್ಮವರ ಬೆನ್ನು ತಟ್ಟಿ, "ನಿಮ್ಮ ಕೆಲಸಕ್ಕೆ ಏನೂ ಆಗೋದಿಲ್ಲ. ಅಲ್ಲಿ ಏನೋ ಇತ್ತು ಅಂತ ನಾನೇ ಮೇಲಕ್ಕೆ ಬರೀತೀನಿ" ಎಂದರು. ಅವರು ಹೊರಟ ಮೇಲೆ ನಾನು ಭಾವನ ಕಾಲಿಗೆ ಬೀಳುವುದೊಂದು ಬಾಕಿ.

ಮೇಲಿನಿಂದ ಉತ್ತರ ಬರುವುದು ತಡವಾಯಿತು. ಆ ನಡುವೆ ಒಂದು ಮಧ್ಯಾಹ್ನ ಭಾವ ಅಕ್ಕನ ಬಟ್ಟೆ ತೆಗೆದುಕೊಂಡು ಹೋಗಲು ನನ್ನ ಅಂಗಡಿಗೆ ಬಂದರು. ಆ ಹೊತ್ತಿಗೆ ಗಿರಾಕಿಯೊಬ್ಬಳು ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡು, "ಚಿತ್ರದಲ್ಲಿದ್ದ ಹಾಗೇ ಬಂದಿದೆ ಕಣಮ್ಮ" ಎಂದು ಖುಷಿಯಿಂದ ಹೋದಳು. ಅವಳು ಬಿಟ್ಟುಹೋದ ಪತ್ರಿಕೆಯ ಚಿತ್ರವನ್ನು ಭಾವ ಎತ್ತಿ ನೋಡಿದರು. ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಕತ್ತರಿ, ಇದರಲ್ಲಿ ಕತ್ತು ಚೌಕ ಇದೆ. ನೀನು ಹೊಲಿದಿದ್ದು ಗುಂಡಗಿತ್ತಲ್ಲೇ?" ಎಂದರು. ಅವರು ನನ್ನನ್ನು ಕರೆಯುವುದೇ ಕತ್ತರಿ ಎಂದು. ಕಸುಬಿಗೂ ಸರಿ, ನಾಲಿಗೆಗೂ ಸರಿ ಅಂತೆ.

ನಾನು ನಕ್ಕೆ. "ಯಾವ ಚಿತ್ರ ತಂದ್ರೂ ನನ್ನ ಕೈ ತಿರುಗೋದು ಒಂದೇ ಥರ ಭಾವ. ಅದರಲ್ಲಿ ಮೋಸ ಏನೂ ಇಲ್ಲ. ಒಂದ್ಸಲ ತೊಟ್ಕೊಂಡು ಕನ್ನಡಿ ನೋಡಿದ್ರೆ ಮುಗೀತು, ತಾವು ಕೇಳಿದ್ದು ಇದೇ ಅಂತ ಅವರೇ ಸಾಧಿಸ್ತಾರೆ. ಚಿತ್ರ ನೆನಪಿದ್ರೆ ತಾನೆ?"

ಭಾವ ನಗಲಿಲ್ಲ. ಅಂಗಡಿಗೆ ಬಂದಾಗಿನಿಂದ ಗುಂಡಿ ಡಬ್ಬ ಜೋಡಿಸುತ್ತಾ, ನೂಲಿನ ಉಂಡೆ ಉರುಳಿಸುತ್ತಾ ಇದ್ದ ಕೈ ಹಾಗೇ ನಿಂತಿತು. ಅಕ್ಕನ ಬಟ್ಟೆ ಮೇಜಿನ ಮೇಲೇ ಬಿಟ್ಟು ಎದ್ದು ಹೋದರು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡೆ.

ಅಂದಿನಿಂದ ಅವರಿಗೆ ಮನೆಯಲ್ಲಿ ಕಾಲು ನಿಲ್ಲದಾಯಿತು. ಕಚೇರಿ ಮುಗಿದ ಮೇಲೆ ಸ್ಕೂಟರ್ ಹತ್ತಿ ಹೋಗುವುದು, ರಜೆಯ ದಿನ ಬೆಳಗ್ಗೆಯೇ ಕಾಣೆಯಾಗುವುದು. ಮನೆಯಲ್ಲಿದ್ದರೆ ಹಿತ್ತಿಲಿಂದ ಬಾಗಿಲಿಗೆ, ಬಾಗಿಲಿಂದ ಹಿತ್ತಿಲಿಗೆ. ಅನ್ನ ಕಲಸಿಟ್ಟು ಎದ್ದುಬಿಡುತ್ತಿದ್ದರಂತೆ. "ಇವರಿಗೆ ಏನೋ ಆಗಿದೆ ಕಣೇ, ಪೆನ್ಸಿಲ್ ಕೊಟ್ರೆ ಕಿಟಕಿಯಾಚೆ ಎಸೆದ್ರು" ಎಂದು ಅಕ್ಕ ನನ್ನ ಹತ್ತಿರ ಕಣ್ಣೀರು ಹಾಕಿದಳು. ನನಗೂ ಹೆದರಿಕೆಯಾಯಿತು.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟವಾದ ಮೇಲೆ, ಮಕ್ಕಳನ್ನು ಆಡಲು ಹೊರಗೆ ಕಳಿಸಿ, ಭಾವ ನಮ್ಮ ಮೂವರ ಮುಂದೆ ನಿಂತುಕೊಂಡೇ ವಿಷಯ ಬಿಚ್ಚಿದರು. ಚಿತ್ರ ಬರೆಸಿದ್ದ ಜನರ ಮನೆಗೆಲ್ಲ ಅವರು ಮತ್ತೆ ಹೋಗಿಬಂದಿದ್ದರು, ಸಾಹೇಬರಿಗೆ ತಿಳಿಸದೆ. ಈ ಸಲ ತಾವು ಬರೆಯಲಿಲ್ಲ. ಪೆನ್ಸಿಲನ್ನು ಅವರ ಕೈಗೇ ಕೊಟ್ಟು, ನೀವು ಕಂಡಿದ್ದನ್ನು ನೀವೇ ಬರೆಯಿರಿ ಎಂದಿದ್ದರು. ಪಂಪ್‌ಹೌಸಿನ ಹೆಂಗಸು ಎಂದೂ ಚಿತ್ರ ಬರೆದವಳಲ್ಲ. ಸೊಟ್ಟಂಬಟ್ಟ ಬರೆದಳು. ಅಗಲ ಬಂತು, ಮೂರು ಬೆಳಕು ಬಂತು. ಭಾವನಿಗೆ ಎಷ್ಟೋ ಸಮಾಧಾನವಾಯಿತಂತೆ, ಇದು ನನ್ನ ಕೈಯದ್ದಲ್ಲ, ನಿಜವಾಗಿಯೂ ಇವಳು ಕಂಡದ್ದೇ ಎಂದು. ಅಷ್ಟರಲ್ಲಿ ಅವಳು ನಾಲಿಗೆ ಕಚ್ಚಿಕೊಂಡು, ಬಹಳ ಕಷ್ಟಪಟ್ಟು, ಕೆಳಗೆ ಒಂದೊಂದೇ ಓರೆಗೀಟು ಎಳೆಯತೊಡಗಿದಳು.

"ಇದೇನಮ್ಮ ಅಂದೆ. ಅದರ ಹೊಟ್ಟೆ ಮೇಲೆ ಓರೆ ಓರೆಯಾಗಿ ಗೀಟು ಇತ್ತಲ್ಲ ಸಾರ್ ಅಂದ್ಲು" ಎಂದರು ಭಾವ. "ಕಾಂಪೌಂಡರ್ ಅಂತೂ ನನ್ನ ಜೊತೆ ಜಗಳಕ್ಕೇ ಬಿದ್ದ. ಕಣ್ಣಾರೆ ಕಂಡಿದ್ದೀನಿ, ಗೀಟು ಇತ್ತು, ನೀನ್ಯಾರು ಇಲ್ಲ ಅನ್ನೋಕೆ ಅಂದ. ಓರೆಗೀಟು ಅನ್ನೋದು ಆಕಾಶದಲ್ಲಿ ಎಲ್ಲಿರುತ್ತೆ? ಅದು ನಮ್ಮ ಕಾಗದದ ಮೇಲೆ ಮಾತ್ರ ಇರೋದು. ಎಲ್ಲರೂ ಹೇಳ್ತಿರೋ ವಸ್ತು ನಾನು ಬರೆದ ವಸ್ತು. ಅವರು ಏನು ಕಂಡಿದ್ರೋ ಅದನ್ನ ನಾನು ಅಳಿಸಿಬಿಟ್ಟಿದ್ದೀನಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಈಗ ಏನು ಮಾಡ್ತೀರಿ?" ಎಂದೆ.

"ಸಾಹೇಬ್ರಿಗೆ ಹೇಳ್ಬೇಕು."

"ಹೇಳಿದ್ರೆ ಇವರ ಕೆಲಸ?"

ಭಾವ ಕಿಟಕಿಯ ಕಡೆ ತಿರುಗಿದರು. ನಾನು ಸುಮ್ಮನಿರಲಿಲ್ಲ. "ಸ್ವಂತ ಷಡ್ಡಕನ ಹೊಟ್ಟೆ ಮೇಲೆ ಹೊಡೀತೀರಾ ಭಾವ? ಅದೂ ಒಂದು ಗೀಟಿಗೋಸ್ಕರ? ಬೇರೆಯವರೆಲ್ಲ ಏನು ಕಂಡ್ರೋ ಬಿಟ್ರೋ, ಇವರ ಎದುರಿಗೆ ಏನೋ ಬಂದಿದ್ದು ಸುಳ್ಳಾ? ಸುಮ್ಮನೆ ಇದ್ರೆ ಯಾರಿಗೆ ಏನು ನಷ್ಟ?" ಎಂದು ಬಾಯಿಗೆ ಬಂದ ಹಾಗೆ ಅಂದೆ. ಅಕ್ಕ ನನ್ನ ಕೈ ಹಿಡಿದು ಎಳೆದಳು. ಆ ದಿನ ನಾನು ಆಡಿದ್ದರಲ್ಲಿ ತಪ್ಪಿತ್ತೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ನಮ್ಮವರು ಅಷ್ಟು ಹೊತ್ತೂ ಗೋಡೆಗೆ ಒರಗಿ ಕೂತಿದ್ದರು. "ಕಾಗದ ಕೊಡಿ ಅಣ್ಣ" ಎಂದರು.

ಭಾವ ಕೊಟ್ಟರು. ನಮ್ಮವರು ನೆಲದ ಮೇಲೆ ಕಾಗದ ಇಟ್ಟು, ಬಗ್ಗಿ, ಲಾರಿಯ ಬೋಲ್ಟ್ ತಿರುಗಿಸುವವರ ಹಾಗೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಬರೆದರು. ಮೊದಲು ರಸ್ತೆ, ಆಮೇಲೆ ನೀರಿನ ಟ್ಯಾಂಕು. ಮೇಲೆ ಒಂದು ಅಗಲದ ವಸ್ತು. ಮೂರು ಬೆಳಕು. ಕೈ ಕೆಳಗೆ ಬಂದು ಓರೆಯಾಗಿ ಎಳೆಯಿತು, ಒಂದು, ಇನ್ನೊಂದು, ಮತ್ತೊಂದು. ನಾವು ಮೂವರೂ ನೋಡುತ್ತಿದ್ದೆವು. ಅವರೇ ತಲೆ ಎತ್ತಿ ನಮ್ಮ ಮುಖ ನೋಡಿದರು, ಮತ್ತೆ ಕಾಗದ ನೋಡಿದರು.

"ಇತ್ತಲ್ಲ ಅಣ್ಣ ಗೀಟು" ಎಂದರು. ಸ್ವಲ್ಪ ತಡೆದು, "ಇರಲಿಲ್ವಾ?"

ಭಾವ ಮುಖ ಮುಚ್ಚಿಕೊಂಡರು. ಅಷ್ಟು ವರ್ಷ ನೋಡಿದ್ದ ಮನುಷ್ಯ ಹಾಗೆ ಅತ್ತದ್ದನ್ನು ನಾನು ಅಂದೇ ಕಂಡದ್ದು. ನಮ್ಮವರು ಕಾಗದ ಮಗುಚಿ ಹಿಂಬದಿಯಲ್ಲಿ ಬರೆದರು, ಅದೇ ಬಂತು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. "ಬೆಳಕು ಬಂದಿದ್ದು ಗೊತ್ತು. ನೋಡೋಣ ಅಂದ್ರೆ ನಿಮ್ಮ ಚಿತ್ರ ಬರುತ್ತೆ. ನಾನು ಕಂಡಿದ್ದು ಬರ್ತಾ ಇಲ್ಲ" ಎಂದರು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ಭಾವ ತಡೆದುಕೊಳ್ಳುತ್ತಿದ್ದರೋ ಏನೋ.

ಆಮೇಲೆ ಎದ್ದು ನಿಂತು, "ಹೋಗಿ ಹೇಳಿ ಅಣ್ಣ. ಕೆಲಸ ಹೋದ್ರೆ ಹೋಗ್ಲಿ" ಎಂದರು. ನಾನು ಮುಖ ಊದಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದೆ. ಗಂಡ, ಭಾವ ಇಬ್ಬರ ಜೊತೆಗೂ ಮಾತು ಬಿಟ್ಟೆ.

ಮರುದಿನವೇ ಭಾವ ಸಾಹೇಬರ ಎದುರು ನಿಂತು ಎಲ್ಲ ಹೇಳಿದರು. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಕೇಳಿ, "ಇಷ್ಟು ಜನ ಇತ್ತು ಅಂತಾರೆ. ಇಲ್ಲ ಅನ್ನೋರು ನೀವೊಬ್ರು. ಅದೂ ನೀವು ಏನನ್ನೂ ಕಂಡವರಲ್ಲ" ಎಂದರು. ಚಿತ್ರ ಆಗಲೇ ಮೇಲಿನವರಿಗೆ ತಲುಪಿ, ಅವರು ಅದನ್ನು ಅಚ್ಚು ಹಾಕಿಸಿ ಎಲ್ಲಾ ಕ್ಯಾಂಪುಗಳಿಗೂ ಹಂಚಿಯಾಗಿತ್ತು, ಇಂಥದ್ದು ಕಂಡಿರಾ ಎಂದು ಜನರಿಗೆ ತೋರಿಸಿ ಕೇಳಲು. ತೋರಿಸಿದ ಕಡೆಯೆಲ್ಲ ಹೌದು ಎನ್ನುವವರು ಸಿಗುತ್ತಿದ್ದರಂತೆ. ಭಾವನನ್ನು ಆ ವಿಭಾಗದಿಂದ ತೆಗೆದು ವಾಪಸ್ ಚರಂಡಿಯ ನಕ್ಷೆಗೆ ಹಾಕಿದರು. ಅದೇ ವಾರ ಡಿಪೊಗೆ ಕ್ಯಾಂಪಿನ ಮಾತು ಬಂತು: ಅಲ್ಲಿ ಏನೋ ಇತ್ತು, ಡ್ರೈವರನ ತಪ್ಪಿಲ್ಲ.

ನನಗೆ ಸಂತೋಷವಾಯಿತು. ಅದರಲ್ಲಿ ನಾಚಿಕೆಯೇನು? ಮಾತು ಬಿಟ್ಟಿದ್ದನ್ನೂ ಮರೆತು ನಮ್ಮವರ ಖಾಕಿ ಅಂಗಿ ಒಗೆದು ಇಸ್ತ್ರಿ ಮಾಡಿದೆ. ಅವರು ತೊಟ್ಟು ಹೋದರು, ಬೆಳಗಿನ ಟ್ರಿಪ್ಪು ಮುಗಿಸಿದರು. ಸಂಜೆಯ ಟ್ರಿಪ್ಪಿಗೆ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು, ಜನ ತುಂಬಿದ್ದರು, ಇವರು ಇಳಿದು ಮನೆಗೆ ಬಂದುಬಿಟ್ಟರು. ಬೆಳಕಿರುವಾಗ ಏನೂ ತೊಂದರೆಯಿಲ್ಲವಂತೆ. ಮಬ್ಬಾದರೆ ಬೀದಿ ದೀಪ ಕಂಡರೂ, ಎದುರು ಬರುವ ಸೈಕಲ್ಲಿನ ದೀಪ ಕಂಡರೂ ಅದರ ಹಿಂದೆ ಅಗಲದ ಹೊಟ್ಟೆ ಕಾಣುತ್ತದಂತೆ, ಗೀಟು ಸಮೇತ. "ಇಲ್ಲದ್ದು ಕಾಣುತ್ತೆ ಅಂತ ಗೊತ್ತಾದ ಮೇಲೆ ಇರೋದನ್ನ ಹೇಗೆ ನಂಬಲಿ? ನನ್ನ ಹಿಂದೆ ಅಷ್ಟು ಜನ ಕೂತಿರ್ತಾರೆ" ಎಂದರು. ಸಂಜೆ ಟ್ರಿಪ್ಪು ಬಿಟ್ಟ ಡ್ರೈವರನನ್ನು ಡಿಪೊದವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಉಳಿದ ಕೆಲಸ ಮತ್ತೆ ಕೈಬಿಡುವ ಹಾಗಾಯಿತು.

ಮಾರನೆಯ ಸಂಜೆ ಸ್ಟ್ಯಾಂಡಿನಲ್ಲಿ ಭಾವ ನಿಂತಿದ್ದರು. ಯಾರು ಹೇಳಿದರೋ, ಅಕ್ಕನಿಗೆ ನಾನೇ ಹೇಳಿದ್ದೆ, ಇನ್ಯಾರು. ಟಿಕೆಟ್ ತೆಗೆದುಕೊಂಡು ಡ್ರೈವರನ ಎಡಗಡೆಯ ಮೊದಲ ಸೀಟಿನಲ್ಲಿ ಕೂತರು. "ನಡಿಯಪ್ಪ. ನಾನು ನೋಡ್ತೀನಿ, ನೀನು ಓಡಿಸು" ಎಂದರು. ನಾನೂ ಹತ್ತಿದ್ದೆ, ಹಿಂದಿನ ಸೀಟಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ನೀರಿನ ಟ್ಯಾಂಕ್ ಹತ್ತಿರವಾಗುತ್ತಾ ಬಸ್ಸು ನಿಧಾನವಾಯಿತು, ಆಮೇಲೆ ನಿಂತೇಹೋಯಿತು.

"ಅಣ್ಣ?" ಎಂದರು ನಮ್ಮವರು.

"ಏನೂ ಇಲ್ಲ. ಹೋಗು."

ಹೋದರು.

ಅದು ದಿನದ ರೂಢಿಯಾಯಿತು. ಚಳಿಯಿರಲಿ ಮಳೆಯಿರಲಿ, ಭಾವ ಕ್ಯಾಂಪಿನಿಂದ ನೇರ ಸ್ಟ್ಯಾಂಡಿಗೆ. ನಿವೃತ್ತರಾದ ಮೇಲೂ ಮನೆಯಿಂದ ಅದೇ ಹೊತ್ತಿಗೆ. ಹೋಗುತ್ತಾ ಬರುತ್ತಾ ಬಸ್ಸಿನ ಸಡಿಲ ಕಿಟಕಿಗೆ ಕಾಗದ ಸಿಕ್ಕಿಸುವುದು, ಯಾರದೋ ಚೀಲ ಸರಿಸುವುದು, ಕಂಡಕ್ಟರನಿಂದ ಬೈಸಿಕೊಳ್ಳುವುದು ಇದ್ದೇ ಇತ್ತು. ಟ್ಯಾಂಕ್ ಹತ್ತಿರ ಬಂದರೆ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಂದೆ ನೋಡುವರು. "ಅಣ್ಣ?" "ಏನೂ ಇಲ್ಲ. ಹೋಗು." ದಿನಾ ಬರುವ ಪ್ರಯಾಣಿಕರಿಗೆ ಅದು ಬಾಯಿಪಾಠ. ಕಾಲೇಜು ಹುಡುಗಿಯರು ಭಾವನಿಗಿಂತ ಮೊದಲೇ "ಏನೂ ಇಲ್ಲ, ಹೋಗು" ಎಂದು ಹಿಂದಿನಿಂದ ಕೂಗಿ ನಗುತ್ತಿದ್ದರು. ವರ್ಷಗಳು ಹೀಗೆ ಕಳೆದವು. ಮೀಸೆ ಸಾಹೇಬರು ವರ್ಗವಾಗಿ ಹೋದರು, ಆ ವಿಭಾಗಕ್ಕೂ ಬೀಗ ಬಿತ್ತು. ನಮ್ಮವರ ಬಸ್ಸು ಯಾವುದಕ್ಕೂ ತಾಗಲಿಲ್ಲ.

ಹೋದ ತಿಂಗಳು ಅಕ್ಕ ಭಾವನನ್ನು ಬಲವಂತವಾಗಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಉಪ್ಪಿನ ಡಬ್ಬಕ್ಕೆ ಸಕ್ಕರೆ ಸುರಿದಿದ್ದರು ಅಂತ. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ದಪ್ಪಗೆ ಬಂದಿದೆ, ಒಂದು ವರ್ಷದ ಮೇಲಾಗಿರಬೇಕು, ಬೆಳಕು ಕಮ್ಮಿಯಾದರೆ ಇವರಿಗೆ ಕೋಣೆಯ ಆ ಕಡೆಯ ಗೋಡೆಯೂ ಕಾಣುವುದಿಲ್ಲ ಎಂದರು. ಭಾವ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಿದ್ದರು. "ನಿಮ್ಮವರಿಗೆ ಹೇಳ್ಬೇಡ ಕಣೇ ಕತ್ತರಿ" ಎಂದಷ್ಟೇ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಒಂದು ವರ್ಷದಿಂದ ಕಾಣದ ಕಣ್ಣಿನಲ್ಲಿ ಏನೂ ಇಲ್ಲ, ಹೋಗು ಎಂದಿದ್ದಾರೆ. ಬಸ್ಸಿನ ತುಂಬ ಜನ. ಮನೆಗೆ ಬಂದವಳೇ ನಮ್ಮವರ ಮುಂದೆ ಎಲ್ಲ ಕಾರಿಕೊಂಡೆ. ಇವರು ಬೂಟಿನ ಲೇಸು ಕಟ್ಟುತ್ತಾ ಸಂಜೆಯ ಟ್ರಿಪ್ಪಿಗೆ ಹೊರಡುತ್ತಿದ್ದರು.

"ಗೊತ್ತು" ಎಂದರು.

"ಏನು ಗೊತ್ತು?"

"ಅಣ್ಣಂಗೆ ಕಾಣಲ್ಲ ಅಂತ. ಹೋದ ವರ್ಷ ಎದುರಿಗೇ ಲಾರಿ ಬರ್ತಿತ್ತು, ಏನೂ ಇಲ್ಲ ಅಂದ್ರು. ನಾನು ಲಾರಿಗೆ ದಾರಿ ಬಿಟ್ಟು ಹೋದೆ." ಇನ್ನೊಂದು ಬೂಟು ಎಳೆದುಕೊಂಡರು. "ನನ್ನ ಕಣ್ಣು ಯಾವಾಗಲೋ ಸರಿಹೋಯ್ತು ಕಣೇ. ಶುರುವಾದ ವರ್ಷವೇ."

"ಮತ್ತೆ ದಿನಾ ಯಾಕ್ರೀ ಕೇಳ್ತೀರಿ?"

ನಮ್ಮವರು ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿದರು. "ನಾನು ಕೇಳೋದು ಬಿಟ್ರೆ ಅವರಿಗೆ ಸಂಜೆ ಹೇಗೆ ಕಳೆಯುತ್ತೆ?" ಎಂದು ಟೋಪಿ ಹಾಕಿಕೊಂಡು ಹೊರಟರು.